ನೆಂಟನಾಗಲೊಲ್ಲದವನು

ಎದುರಿನಿಂದ ಇನ್ನೊಬ್ಬ ಬಿಳಿಯ ಮನುಷ್ಯ ನಡೆದು ಬಂದನೆಂದರೆ ಕಾರೆಲನಿಗೆ ಕಣ್ಣು ಕಾಣುತ್ತಿರಲಿಲ್ಲ. ದೂರದ ಗದ್ದೆಯಲ್ಲಿ ಕೊಕ್ಕರೆ ಇಳಿದರೂ ಗುರುತಿಸುತ್ತಿದ್ದ, ಸಂತೆಯ ಗದ್ದಲದಲ್ಲಿ ನಮ್ಮೂರ ಮುದುಕಿಯರನ್ನು ಅವರ ಬೆನ್ನಿನ ಬಾಗಿನಿಂದಲೇ ಪತ್ತೆಹಚ್ಚಿ ಹೆಸರಿಟ್ಟು ಕರೆಯುತ್ತಿದ್ದ ಆ ನೀಲಿ ಕಣ್ಣುಗಳು, ತನ್ನದೇ ಬಣ್ಣದ, ತನ್ನದೇ ಎತ್ತರದ, ಬೆನ್ನಿಗೆ ಚೀಲ ಬಿಗಿದುಕೊಂಡ ಯಾರಾದರೂ ಎದುರಾದ ಕೂಡಲೇ ಆಕಾಶಕ್ಕೋ ಬಿದಿರು ಮೆಳೆಗೋ ಹೋಗಿ ನೆಟ್ಟುಬಿಡುತ್ತಿದ್ದವು. ಅವರು ನಕ್ಕು ಕೈಯೆತ್ತಿದರೆ ಇವನು ನಮ್ಮ ತೊರಾಜ ಭಾಷೆಯಲ್ಲಿ, ಅದೂ ನಮ್ಮ ಅಜ್ಜಂದಿರ ಕಾಲಕ್ಕೇ ಸವೆದುಹೋದ ಮರ್ಯಾದೆಯ ಮಾತಿನಲ್ಲಿ, ಕ್ಷೇಮವಾಗಿ ಸಾಗಿರಿ ಎಂದು ಹರಸಿ, ಅವರು ತಬ್ಬಿಬ್ಬಾಗಿ ನಿಂತಿರುವಾಗಲೇ ದಾಟಿ ಹೋಗಿರುತ್ತಿದ್ದ. ಹಾಗೆ ಹೋಗುವಾಗ ಅವನ ನಡಿಗೆ ಬದಲಾಗುತ್ತಿತ್ತು. ಗುಡ್ಡದ ಇಳಿಜಾರಿನಲ್ಲಿ ಹುಟ್ಟಿ ಬೆಳೆದ ನಾವು ಮೊಣಕಾಲನ್ನು ತುಸು ಮಡಿಸಿ, ಪಾದವನ್ನು ಒಳಗೆ ತಿರುಗಿಸಿ ಇಡುತ್ತೇವೆ. ಆ ನಡಿಗೆಯನ್ನು ಅವನು ಕಷ್ಟಪಟ್ಟು ಕಲಿತು, ಸಮತಟ್ಟಾದ ಡಾಂಬರು ರಸ್ತೆಯ ಮೇಲೂ ಹಾಗೆಯೇ ನಡೆಯುತ್ತಿದ್ದ. ನಮ್ಮ ಹುಡುಗರು ಅದನ್ನು ಅಣಕಿಸಿ ನಡೆದು ನಗುತ್ತಿದ್ದರು. ಅವರು ಅಣಕಿಸುತ್ತಿದ್ದದ್ದು ತಮ್ಮ ಅಪ್ಪಂದಿರ ನಡಿಗೆಯನ್ನೇ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಅವನು ಬೆಲ್ಜಿಯಮಿನವನು. ಅಲ್ಲಿಯ ಯಾವುದೋ ಸಣ್ಣ ಪಟ್ಟಣದ ಪುರಸಭೆಯಲ್ಲಿ ನೀರು ಸರಬರಾಜಿನ ಕೆಲಸ, ಮದುವೆಯಿಲ್ಲ, ವೃದ್ಧಾಶ್ರಮದಲ್ಲಿ ಒಬ್ಬ ತಾಯಿ. ವರ್ಷವಿಡೀ ಉಳಿಸಿಕೊಂಡ ರಜೆಯನ್ನೆಲ್ಲ ಒಟ್ಟುಗೂಡಿಸಿ, ನಮ್ಮಲ್ಲಿ ಕೊಯ್ಲು ಮುಗಿದು ಸಾವಿನ ಕಾರ್ಯಗಳು ಶುರುವಾಗುವ ಒಣ ತಿಂಗಳುಗಳಲ್ಲಿ, ಕಡಲತೀರದ ಮಕಾಸ್ಸರ್ ನಗರದಿಂದ ಬಸ್ಸು ಹಿಡಿದು, ಬೆಳಗಿನ ಮಂಜಿನಲ್ಲಿ ರಾಂತೆಪಾವೊ ಪೇಟೆಯಲ್ಲಿ ಇಳಿದು, ವ್ಯಾನುಗಳು ಸಾಲಾಗಿ ಕರೆಯುತ್ತಿದ್ದರೂ ಅವುಗಳತ್ತ ತಿರುಗದೆ ನಮ್ಮ ಬುಂತುಪಾರೆಗೆ ನಡೆದೇ ಏರಿ ಬರುತ್ತಿದ್ದ. ಇಪ್ಪತ್ತು ವರ್ಷಗಳ ಹತ್ತಿರ ಹೀಗೆ ಬಂದ. ಇಳಿದುಕೊಳ್ಳುತ್ತಿದ್ದದ್ದು ನನ್ನ ಪಕ್ಕದ ಮನೆಯಲ್ಲಿ, ಲಿಂಬೊಂಗ್ ಅಜ್ಜಿಯ ಬಳಿ. ಅಜ್ಜಿಯ ಹಿರಿಯ ಮಗ ಸಂಪೆ, ಕೋಣ ಸಾಕುವವನು, ಮಾತು ಕಡಿಮೆ. ಮಗಳು ಡಮಾರಿಸ್, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಡಿಗೆಮನೆಯನ್ನೂ ಅದರ ಜೊತೆಗೆ ಇಡೀ ಮನೆಯನ್ನೂ ಹಿಡಿತಕ್ಕೆ ತಂದುಕೊಂಡವಳು. ನಾನು ಕೆಳಗಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಒಂದಿಷ್ಟು ಇಂಗ್ಲಿಷು ಬರುತ್ತದೆಂದು ಹೊರಗಿನವರು ಬಂದಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು.

ಮೊದಲನೆಯ ವರ್ಷ ಅವನೂ ಎಲ್ಲರಂತೆ ವ್ಯಾನಿನಲ್ಲೇ ಬಂದವನು. ಅಗಲ ಅಂಚಿನ ಟೊಪ್ಪಿ, ಕೊರಳಲ್ಲಿ ಕ್ಯಾಮೆರಾ, ಸೊಳ್ಳೆಯ ಔಷಧದ ವಾಸನೆ. ಅಜ್ಜಿಯ ಮನೆಯ ಮುಂದೆ ಇಡೀ ಗುಂಪನ್ನು ಬಿಟ್ಟು ಇವನೊಬ್ಬನೇ ಕುಳಿತುಬಿಟ್ಟ. ಏಕೆ ಎಂದು ಕೇಳಿದ್ದಕ್ಕೆ, ಇಲ್ಲಿ ಯಾರೂ ಅವಸರದಲ್ಲಿಲ್ಲ, ಎಂದಿದ್ದ. ಎರಡನೆಯ ವರ್ಷದಿಂದ ಟೊಪ್ಪಿಯೂ ಇಲ್ಲ, ಕ್ಯಾಮೆರಾವೂ ಇಲ್ಲ. ಆ ಮೊದಲ ಸಲದ ವಿಷಯ ಯಾರಾದರೂ ಎತ್ತಿದರೆ ಅವನು ಎದ್ದು ಹಂದಿಗಳಿಗೆ ಗೆಣಸಿನ ಸೊಪ್ಪು ಹಾಕಲು ಹೊರಟುಹೋಗುತ್ತಿದ್ದ.

ನಮ್ಮ ಭಾಷೆಯಲ್ಲಿ ‘ನಾವು’ ಎನ್ನಲು ಎರಡು ಮಾತುಗಳಿವೆ. ಕೇಳುತ್ತಿರುವವನನ್ನೂ ಒಳಗೆ ಸೇರಿಸಿಕೊಂಡು ಹೇಳುವ ‘ನಾವು’ ಒಂದು. ಕೇಳುತ್ತಿರುವವನನ್ನು ಹೊರಗೆ ನಿಲ್ಲಿಸಿ ಹೇಳುವ ‘ನಾವು’ ಇನ್ನೊಂದು. ಕಾರೆಲ್ ಎರಡನೆಯದನ್ನು ಕಲಿಯಲೇ ಇಲ್ಲವೇನೋ ಎನ್ನಿಸುವಂತೆ ಮೊದಲನೆಯದನ್ನೇ ಬಾಯಿತುಂಬ ಬಳಸುತ್ತಿದ್ದ. ಈ ವರ್ಷ ನಾವು ಬೆಳೆದ ಭತ್ತ ಜೊಳ್ಳಾಯಿತು ಎನ್ನುವನು. ನಾವು ಹಿಂದೆಲ್ಲ ಮನೆಗೆ ತಗಡಿನ ಸೂರು ಹಾಕುತ್ತಿರಲಿಲ್ಲ, ಸೀಳು ಬಿದಿರನ್ನೇ ಹೊದಿಸುತ್ತಿದ್ದೆವು ಎಂದು ನಿಟ್ಟುಸಿರು ಬಿಡುವನು. ಕಳ್ಳಿನ ಅಂಗಡಿಯಲ್ಲಿ ಇದೊಂದು ನಗೆಯಾಗಿತ್ತು. ಬಂಡೆಯ ಗೂಡುಗಳಲ್ಲಿ ಮಲಗಿಸಿದ ಹಿರಿಯರನ್ನು ಕೆಲವು ವರ್ಷಗಳಿಗೊಮ್ಮೆ ಹೊರಗೆ ತೆಗೆದು ಹೊಸ ಬಟ್ಟೆ ಉಡಿಸುವುದು ನಮ್ಮ ಪದ್ಧತಿ. “ಕಾರೆಲಣ್ಣನ ಮುತ್ತಜ್ಜ ಯಾವ ಬಂಡೆ ಗೂಡಲ್ಲಿ ಮಲಗವ್ನೆ ಅಂತ ಕೇಳ್ರೋ, ಈ ಸಲ ಬಟ್ಟೆ ಬದಲಾಯಿಸ್ಬೇಕಲ್ಲ” ಎಂದು ಯಾರೋ ಅಂದರೆ ಬಿದಿರಿನ ಕೊಳವೆ ಕೈಯಿಂದ ಕೈಗೆ ದಾಟುತ್ತ ನಗು ಸುತ್ತು ಬರುತ್ತಿತ್ತು. ಅವನೂ ನಗುತ್ತಿದ್ದ. ನಗುವಾಗ ಅವನ ಕಿವಿಗಳು ಮಾತ್ರ ಕೆಂಪಾಗುತ್ತಿದ್ದವು.

ಹಳೆಯ ಮನೆಗಳನ್ನೂ ಬಂಡೆಯಲ್ಲಿ ಕೊರೆದ ಸಮಾಧಿಗಳನ್ನೂ ನೋಡಲು ಬರುವವರು ಹೆಚ್ಚಿದಾಗ ಊರಿನವರು ದಾರಿಯ ಬಾಯಿಯಲ್ಲಿ ಒಂದು ಮೇಜು ಹಾಕಿ ಪ್ರವೇಶದ ಚೀಟಿ ಹರಿಯತೊಡಗಿದರು. ಅಲ್ಲಿ ಕೂರುತ್ತಿದ್ದವನು ಲಯುಕ್ ಎಂಬ ಗಟ್ಟಿಗ. ಕಾರೆಲ್ ಆ ಮೇಜಿನ ಮುಂದೆ ಒಂದು ದಿನವೂ ಹಾಯಲಿಲ್ಲ. ಪೇಟೆಗೆ ಇಳಿಯುವಾಗಲೂ ಏರಿ ಬರುವಾಗಲೂ ಗದ್ದೆಯ ಬದುವಿನ ಮೇಲೆ ಸುತ್ತು ಹಾಕುತ್ತಿದ್ದ. ಒಂದು ಸಂಜೆ ಮಳೆ ಬಿದ್ದ ಬದುವಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಕೆಸರಿನಲ್ಲಿ ಕುಳಿತಿದ್ದವನನ್ನು ಲಯುಕನೇ ಬೆನ್ನಿನ ಮೇಲೆ ಹೊತ್ತು ತಂದು ಅಜ್ಜಿಯ ಮೆಟ್ಟಿಲ ಮೇಲೆ ಇಳಿಸಿದ. ಏದುಸಿರು ಬಿಡುತ್ತ, “ಅಣ್ಣ, ನಿಮ್ಮನ್ನ ಯಾವತ್ತಾದ್ರೂ ಯಾರಾದ್ರೂ ಚೀಟಿ ಕೇಳಿದಾರಾ?” ಎಂದ.

ಕಾರೆಲ್ ಕಾಲು ನೀವಿಕೊಳ್ಳುತ್ತಿದ್ದವನು ತಲೆಯೆತ್ತದೆ, “ಕೇಳಿಬಿಟ್ಟರೆ?” ಎಂದ.

ಲಯುಕ್ ಅದನ್ನು ಊರೆಲ್ಲ ಹೇಳಿಕೊಂಡು ನಗಾಡಿದ. ನನಗೆ ಅಂದು ನಗು ಬರಲಿಲ್ಲ. ಚೀಟಿಯ ಹಣಕ್ಕಿಂತ ಹೆಚ್ಚಿನದನ್ನು ಅವನು ಪ್ರತಿ ಭಾನುವಾರ ಚರ್ಚಿನ ಡಬ್ಬಿಗೆ ಹಾಕುತ್ತಿದ್ದುದು ನನಗೆ ಗೊತ್ತಿತ್ತು.

ಲಿಂಬೊಂಗ್ ಅಜ್ಜಿಗೆ ಅವನ ಮೇಲೆ ಪ್ರೀತಿ ಇತ್ತು. ಆ ಪ್ರೀತಿಗೆ ಮುಲಾಜು ಇರಲಿಲ್ಲ. ಅರ್ಧ ದಿನಕ್ಕೆಂದು ಬಂದು ಇಣುಕಿ ಹೋಗುವ ಪ್ರವಾಸಿಗಳ ಮೇಲೆ ಅವನು ಹರಿಹಾಯುವಾಗ ಅವಳು ಎಲೆಯಡಿಕೆ ಕುಟ್ಟುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವರಿಗೆ ಏನೂ ಕಾಣುವುದಿಲ್ಲ, ಅವರು ನೋಡುವುದು ತಮ್ಮ ಮನೆಯಲ್ಲಿ ತೋರಿಸಿಕೊಳ್ಳುವುದಕ್ಕಾಗಿ, ನಾವು ಅವರಿಗೆ ಒಂದು ಚಿತ್ರ ಅಷ್ಟೇ, ಎಂದು ಅವನು ಹೇಳಿಕೊಂಡು ಹೋದ ಒಂದು ದಿನ ಅವಳು ಕುಟ್ಟುವುದನ್ನು ನಿಲ್ಲಿಸಿ, “ಅವ್ರು ಊಟಕ್ಕೆ ಕೂರಲ್ಲ, ನೀನು ಕೂರ್ತೀಯ. ಡಮಾರಿಸ್‌ಗೆ ಕೇಳು, ಯಾರು ಒಳ್ಳೇರು ಅಂತ” ಎಂದಳು. ಒಳಗಿನಿಂದ ಡಮಾರಿಸ್, ಯಾರಾದರೂ ಸರಿ, ಪಾತ್ರೆ ತೊಳೆದಿಟ್ಟು ಹೋಗುವವರು ಒಳ್ಳೆಯವರು, ಎಂದು ಕೂಗಿದಳು. ಆಮೇಲಿನಿಂದ ಅವನು ತನ್ನ ತಟ್ಟೆಯನ್ನು ತಾನೇ ತೊಳೆಯತೊಡಗಿದ. ಕೊನೆಯ ವರ್ಷದವರೆಗೂ ಆ ಕೆಲಸ ಬಿಡಲಿಲ್ಲ.

ನಡುವಿನ ಒಂದು ವರ್ಷ ಅವನು ಇಲ್ಲಿದ್ದಾಗಲೇ ಅವನ ತಾಯಿ ತೀರಿಕೊಂಡ ಸುದ್ದಿ ಬಂತು. ಹೊರಟೇ ಹೊರಡುತ್ತಾನೆಂದು ಡಮಾರಿಸ್ ಬುತ್ತಿ ಕಟ್ಟಿದಳು, ಸಂಪೆ ಬಸ್ಸಿನ ಜಾಗಕ್ಕೆ ಹೇಳಿ ಬಂದ. ಇವನು ಕಂಬಗಳ ಮೇಲೆ ನಿಂತ ಕಣಜದ ಕೆಳಗಿನ ಜಗಲಿಯ ಮೇಲೆ ಕುಳಿತವನು ಏಳಲಿಲ್ಲ. ಅಲ್ಲಿ ಒಂದು ಲೋಟ ಕಾಫಿ ಆರುವುದರೊಳಗೆ ಎಲ್ಲ ಮುಗಿದುಹೋಗುತ್ತದೆ, ಯಾರೂ ಹಾಡುವುದಿಲ್ಲ, ಯಾರೂ ಅಳುವುದೂ ಇಲ್ಲ, ಹೋಗಿ ಏನು ಮಾಡಲಿ, ಎಂದ. ಸತ್ತವರನ್ನು ತಿಂಗಳುಗಟ್ಟಲೆ ಮನೆಯಲ್ಲೇ ಮಲಗಿಸಿ, ಕಾಯಿಲೆಯವರೆಂದು ಕರೆದು, ಊಟ ತಂದಿಟ್ಟು ಮಾತಾಡಿಸುವ ನಮಗೆ ಆ ಮಾತು ಎದೆಗೆ ಕಲ್ಲಿಟ್ಟಂತಾಯಿತು. ಅಜ್ಜಿ ಕೆಲವು ದಿನ ಅವನೊಂದಿಗೆ ಮಾತಾಡಲಿಲ್ಲ. ಆಮೇಲೊಂದು ಸಂಜೆ ತನ್ನ ತೀರಿಹೋದ ಗಂಡನ ಕಪ್ಪು ಕೋಟನ್ನು ಪೆಟ್ಟಿಗೆಯಿಂದ ತೆಗೆದು ಅವನ ತೊಡೆಯ ಮೇಲೆ ಹಾಕಿದಳು. “ಹೆತ್ತೋಳು ಸತ್ತವ್ಳೆ. ಕಪ್ಪಾದ್ರೂ ಹಾಕ್ಕೋ” ಎಂದಳು.

ಅಜ್ಜಿ ಕೊಟ್ಟದ್ದು ಅವನ ತಾಯಿಯ ಶೋಕಕ್ಕೆ. ಅವನು ತೆಗೆದುಕೊಂಡದ್ದು ಬೇರೆ ಬಗೆಯಲ್ಲಿ. ತೋಳು ಮೊಣಕೈಯನ್ನು ಅಷ್ಟೇ ದಾಟುತ್ತಿದ್ದ, ಭುಜದ ಹೊಲಿಗೆ ಬಿರಿಯುತ್ತಿದ್ದ ಆ ಕೋಟನ್ನು ಅಂದಿನಿಂದ ಅವನು ಮನೆಯ ಮಗನಿಗೆ ಸಿಕ್ಕ ಪಾಲಿನಂತೆ ತೊಟ್ಟ. ಊರಿಗೆ ಹಿಂದಿರುಗುವಾಗ ಮಡಿಸಿ ಅಜ್ಜಿಯ ಪೆಟ್ಟಿಗೆಯಲ್ಲೇ ಇಟ್ಟು ಹೋಗುವನು, ಬಂದ ದಿನವೇ ತೆಗೆದು ಹಾಕಿಕೊಳ್ಳುವನು. ಪೇಟೆಯಲ್ಲಿ ಆ ಕೋಟಿನಲ್ಲಿ ಓಡಾಡುವ ಅವನನ್ನು ಕಂಡು ಬೇರೆ ಪ್ರವಾಸಿಗಳು ಫೋಟೋ ತೆಗೆಯುತ್ತಿದ್ದರಂತೆ.

ಅಜ್ಜಿ ಸತ್ತದ್ದು ಮಳೆಗಾಲದಲ್ಲಿ, ಅವನು ಇಲ್ಲದಾಗ. ದಕ್ಷಿಣದ ಕೋಣೆಯಲ್ಲಿ ಅವಳನ್ನು ಮಲಗಿಸಿದೆವು. ಕಾರ್ಯವನ್ನು ಒಣ ತಿಂಗಳಿಗೆ ಇಟ್ಟುಕೊಂಡೆವು. ಸುದ್ದಿ ತಲುಪಿದ ಕಾರೆಲ್ ಎಂದಿಗಿಂತ ಬೇಗನೇ ಬಂದು, ಮೊದಲು ಅವಳ ಕೋಣೆಗೆ ಹೋಗಿ, ತಲೆದಿಂಬಿನ ಬಳಿ ಕುಳಿತು, ಬಸ್ಸು ತಡವಾಯಿತೆಂದೂ ದಾರಿಯಲ್ಲಿ ಗುಡ್ಡ ಕುಸಿದಿತ್ತೆಂದೂ ಅವಳಿಗೆ ಹೇಳಿದ. ನಾವೆಲ್ಲ ಹಾಗೆಯೇ ಹೇಳುತ್ತೇವೆ. ಆದರೆ ಅವನು ದಿನವಿಡೀ ಅಲ್ಲೇ ಇರತೊಡಗಿದ. ಡಮಾರಿಸ್ ಊಟದ ತಟ್ಟೆ ತಂದರೆ ತಾನು ಇಸಿದುಕೊಂಡು ತಾನೇ ಅಜ್ಜಿಯ ಮುಂದೆ ಇಡುವನು; ನೆರೆಯವರು ನೋಡಲು ಬಂದರೆ ಒಳಗೆ ಕರೆಯುವವನೂ ಅವನೇ, ಎಲ್ಲಿ ಕೂರಬೇಕೆಂದು ತೋರಿಸುವವನೂ ಅವನೇ. ಡಮಾರಿಸ್ ನನ್ನ ಹೆಂಡತಿಯ ಹತ್ತಿರ, “ನಮ್ಮವ್ವನ್ನ ನಾನು ನೋಡ್ಬೇಕಂದ್ರೂ ಕಾರೆಲಣ್ಣನ ಹತ್ರ ಕೇಳ್ಬೇಕಾಗಿದೆ ಅಕ್ಕ” ಎಂದು ಹೇಳಿ ಅತ್ತಳಂತೆ. ಸಂಪೆಗೆ ಇದು ತಿಳಿಯದ್ದೇನಲ್ಲ. ಅವನಿಗೆ ಯಾರಿದ್ದಾರೆ, ಇರಲಿ ಬಿಡು, ಎಂದನಂತೆ.

ಕಾರ್ಯದ ದಿನ ಅಂಗಳದ ಸುತ್ತ ಬಿದಿರಿನ ಚಪ್ಪರಗಳು ಎದ್ದಿದ್ದವು. ಕೆಂಪು ಬಟ್ಟೆ ಹೊದಿಸಿ ಬಂಗಾರದ ಹಾಳೆ ಅಂಟಿಸಿ, ಅಜ್ಜಿಯನ್ನು ಒಳಗೆ ಮಲಗಿಸಿದ ಪೆಟ್ಟಿಗೆಯನ್ನು ಕಣಜದ ಕೆಳಗಿನ ಜಗಲಿಯ ಮೇಲೆ ಇಟ್ಟಿದ್ದೆವು. ಊರೂರಿನ ನೆಂಟರು ತಂಡತಂಡವಾಗಿ ಕಪ್ಪು ಬಟ್ಟೆಯಲ್ಲಿ ಬರುತ್ತಿದ್ದರು. ಗಂಟೆ ಬಾರಿಸುವರು, ಮೈಕಿನವನು ಹೆಸರು ಕೂಗುವನು, ಮನೆಯವರು ಎದುರು ಹೋಗಿ ಕರೆತಂದು ಕೂರಿಸುವರು, ಕಾಫಿ ತಿಂಡಿ ಹೋಗುವುದು. ಮನೆಯವರ ಸಾಲಿನ ತುದಿಯಲ್ಲಿ ಆ ಗಿಡ್ಡ ತೋಳಿನ ಕೋಟು ತೊಟ್ಟು ಕಾರೆಲ್ ನಿಂತಿದ್ದ. ನಿಲ್ಲು ಎಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ.

ಮಧ್ಯಾಹ್ನ ತುಂತುರು ಹನಿಯತೊಡಗಿದಾಗ ಪ್ರವಾಸಿಗಳ ವ್ಯಾನೊಂದು ಬಂತು. ಅವರನ್ನೂ ನಮ್ಮ ಹುಡುಗಿಯರು ಕರೆತಂದು ಒಂದು ಚಪ್ಪರದಲ್ಲಿ ಕೂರಿಸಿದರು. ಅವರೊಳಗೆ ದಪ್ಪನೆಯ, ಕುತ್ತಿಗೆಯವರೆಗೆ ಹಳದಿ ಮಳೆಯಂಗಿ ತೊಟ್ಟ ವಯಸ್ಸಾದ ಹೆಂಗಸೊಬ್ಬಳಿದ್ದಳು. ಸಾವಿನ ಮನೆಯ ಆ ಕಪ್ಪಿನ ನಡುವೆ ಆ ಹಳದಿ ಎಲ್ಲರ ಕಣ್ಣಿಗೂ ಬಡಿಯುತ್ತಿತ್ತು. ಗ್ರೀಟ ಎಂದು ಅವಳ ಹೆಸರು; ಅದು ನಮಗೆ ಆಮೇಲೆ ಗೊತ್ತಾಯಿತು. ಪೆಟ್ಟಿಗೆಯತ್ತ ನೋಡುತ್ತ ಕುಳಿತಿದ್ದ ಅವಳ ಕಣ್ಣಲ್ಲಿ ನೀರು ಸುರಿಯುತ್ತಿದ್ದುದನ್ನು ಡಮಾರಿಸ್ ಕಂಡಳು. ಅಳುವವರನ್ನು ದೂರ ಕೂರಿಸುವುದು ನಮ್ಮ ಪದ್ಧತಿಯಲ್ಲ. ಮಾತು ಬಾರದಿದ್ದರೂ ಡಮಾರಿಸ್ ಅವಳ ಕೈ ಹಿಡಿದು ಎಬ್ಬಿಸಿ, ಜಗಲಿ ಹತ್ತಿಸಿ, ಅವ್ವನ ಪಕ್ಕದಲ್ಲಿ ಬಿಟ್ಟು, ಒಲೆಯ ಕಡೆಗೆ ಹೋದಳು.

ಕಾರೆಲ್ ಇದನ್ನು ನೋಡಿರಲಿಲ್ಲ. ಹೊಸ ತಂಡವೊಂದನ್ನು ಎದುರುಗೊಂಡು ಹಿಂದಿರುಗಿದವನು ಕಂಡದ್ದು ಒಂದೇ: ಹಳದಿ ಅಂಗಿಯ ಪ್ರವಾಸಿ ಹೆಂಗಸು, ಪೆಟ್ಟಿಗೆಯ ಕೆಂಪು ಬಟ್ಟೆಯ ಮೇಲೆ ಅವಳ ಕೈ. ಅವನು ಕೂಗಿದ. ಇಪ್ಪತ್ತು ವರ್ಷಗಳಲ್ಲಿ ಅವನ ತಾಯಿನುಡಿಯನ್ನು ನಾವು ಕೇಳಿದ್ದು ಅದೇ ಮೊದಲು. ಸಿಟ್ಟಿನಲ್ಲಿ ಅವನಿಗೆ ನಮ್ಮ ಮಾತು ಮರೆತುಹೋಗಿತ್ತು. ಅರ್ಥ ಆಗದಿದ್ದರೂ, ಅಡಿಗೆಮನೆಗೆ ನುಗ್ಗಿದ ನಾಯಿಯನ್ನು ಅಟ್ಟುವ ದನಿ ಯಾವ ಭಾಷೆಯಲ್ಲೂ ಅದೇ. ಅದು ಅವಳಿಗೂ ತಾಯಿನುಡಿಯೇ ಆಗಿತ್ತು. ಹಾಗಾಗಿ ಅವಳಿಗೆ ಪ್ರತಿಯೊಂದು ಮಾತೂ ತಿಳಿಯಿತು. ಬೆಚ್ಚಿ ಹಿಂದೆ ಸರಿದಳು, ಹಿಮ್ಮುಖವಾಗಿಯೇ ಮೆಟ್ಟಿಲಿಳಿಯ ಹೋದಳು, ಕಾಲು ತಪ್ಪಿ ಅಂಗಳದ ಕೆಸರಿನಲ್ಲಿ ಕುಳಿತುಬಿಟ್ಟಳು.

ಮೈಕು ನಿಂತಿತು. ಗಂಟೆ ನಿಂತಿತು. ಸಾವಿನ ಮನೆಗೆ ಬಂದವರನ್ನು ಅಟ್ಟಿದರೆ ಆ ಅಪಕೀರ್ತಿ ಅಟ್ಟಿದವನಿಗಲ್ಲ, ಪೆಟ್ಟಿಗೆಯಲ್ಲಿ ಮಲಗಿರುವವರಿಗೆ. ಮೊಮ್ಮಕ್ಕಳ ಮದುವೆಯ ಮಾತುಕತೆಯಲ್ಲೂ ಅದು ಎದ್ದು ಬರುತ್ತದೆ. ಸಂಪೆ ಸಾಲು ಬಿಟ್ಟು ಬಂದ. ಹೆಂಗಸನ್ನು ಎರಡೂ ಕೈಯಿಂದ ಎತ್ತಿ ನಿಲ್ಲಿಸಿದ. ತಾನು ಹೊದ್ದಿದ್ದ ಕಪ್ಪು ಪಂಚೆಯ ಅಂಚಿನಿಂದ ಅವಳ ಅಂಗಿಯ ಕೆಸರನ್ನು ಒರೆಸಿದ. ಊರ ಹಿರಿಯರು ಕುಳಿತಿದ್ದ ಮೊದಲ ಚಪ್ಪರಕ್ಕೆ ನಡೆಸಿಕೊಂಡು ಹೋಗಿ ಅವರ ನಡುವೆಯೇ ಕೂರಿಸಿದ. ಡಮಾರಿಸ್ ಓಡಿಬಂದು ಕಾಫಿ ಕೊಟ್ಟಳು. ಆಮೇಲೆ ಸಂಪೆ ಕಾರೆಲನ ಬಳಿಗೆ ಬಂದ. ನಾನು ಪಕ್ಕದಲ್ಲೇ ಇದ್ದೆ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬಳಲಿಕೆ ಇತ್ತು.

“ಅಣ್ಣ, ಅವ್ವ ಬದುಕಿದ್ದಾಗ್ಲೂ ಬಂದೋರನ್ನ ಏಳಿ ಅಂದೋಳಲ್ಲ” ಎಂದ. ಹೊರುವವರತ್ತ ಒಮ್ಮೆ ನೋಡಿ, “ನೀವೂ ಅವ್ರ ಜೊತೆ ಹೋಗಿ ಕೂತ್ಕೊಳ್ಳಿ. ನಾವು ಅವ್ವನ್ನ ಎತ್ಬೇಕು” ಎಂದ.

ಅವನು ಆಡಿದ ‘ನಾವು’ ಎರಡನೆಯದು, ಕೇಳುತ್ತಿರುವವನನ್ನು ಹೊರಗೆ ನಿಲ್ಲಿಸುವುದು. ಸಂಪೆ ಅದನ್ನು ಬೇಕೆಂದು ಆರಿಸಿ ಆಡಿದನೆಂದು ನಾನು ಇಂದಿಗೂ ನಂಬುವುದಿಲ್ಲ. ಹೊರುವವರು ಕಾಯುತ್ತಿದ್ದರು, ಮಳೆ ಬಲವಾಗುತ್ತಿತ್ತು, ನಾಲಗೆಗೆ ಸಹಜವಾಗಿ ಬಂದದ್ದು ಬಂತು. ಸಹಜವಾಗಿ ಬಂದದ್ದೇ ಕಾರೆಲನಿಗೆ ತಾಗಿತೇನೋ. ಅವನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಒಮ್ಮೆ ಕೋಟಿನ ಗುಂಡಿ ಹಾಕಿ ಒಮ್ಮೆ ಬಿಚ್ಚಿ, ನಡೆದುಹೋಗಿ ಗ್ರೀಟಳ ಪಕ್ಕದಲ್ಲಿ ಕುಳಿತ. ಹೋಗುವಾಗಿನ ಆ ನಡಿಗೆ ಮೊಣಕಾಲು ಮಡಿಸದ, ನೆಟ್ಟಗಿನ, ಅವನು ಹುಟ್ಟಿದ ಊರಿನ ನಡಿಗೆ. ಅವಳು ತನ್ನ ತಟ್ಟೆಯ ಅಕ್ಕಿಹಿಟ್ಟಿನ ತಿಂಡಿಯಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟಳು. ಅವನು ತೆಗೆದುಕೊಂಡ. ಊರ ಗಂಡಸರೆಲ್ಲ ಬಿದಿರಿಗೆ ಹೆಗಲು ಕೊಟ್ಟು, ಕೂಗಿ, ತಳ್ಳಾಡಿ, ಕೆಸರೆರಚಿ, ನಗುತ್ತ ಅಳುತ್ತ ಅಜ್ಜಿಯನ್ನು ಹೊತ್ತು ಬಂಡೆಯ ಕಡೆಗೆ ಹೊರಟಾಗ ಅವನು ಪ್ರವಾಸಿಗಳ ಜೊತೆ ಕುಳಿತು ನೋಡಿದ. ಅವರಲ್ಲೊಬ್ಬ ತಮ್ಮೆಲ್ಲರದೊಂದು ಫೋಟೋ ತೆಗೆಯಿರೆಂದು ಕ್ಯಾಮೆರಾ ಕೊಟ್ಟ, ಕಾರೆಲ್ ತೆಗೆದುಕೊಟ್ಟ.

ಸಂಜೆ ನನ್ನ ಮನೆಯ ಮೆಟ್ಟಿಲಿಗೆ ಬಂದು ನಿಂತ. ಮಳೆ ಬಿಟ್ಟಿತ್ತು. ಎಂದಿನಂತೆಯೇ ಅವನದು ಹಳೆಯ ಕಾಲದ ಮಾತು: “ಮೇಷ್ಟ್ರೇ, ಇಷ್ಟು ವರ್ಷಗಳ ಕಾಲ ನಾನು ಇಲ್ಲಿ ಏನಾಗಿದ್ದೆನೆಂದು ತಾವು ಹೇಳಬೇಕು.”

“ನೆಂಟ” ಎಂದೆ.

ಅದು ನಮ್ಮಲ್ಲಿ ಸಣ್ಣ ಮಾತಲ್ಲ. ಮನೆಯವರು ನಿಂತೇ ಇರುವಾಗ ಕೂರುವವನು ನೆಂಟ. ಮಾಂಸ ಹಂಚುವಾಗ ಮಗನಿಗಿಂತ ಮೊದಲು ಹೆಸರು ಕೂಗಿಸಿಕೊಳ್ಳುವವನು ನೆಂಟ. ಇದನ್ನೆಲ್ಲ ಅವನು ಬಲ್ಲ. ಆದರೂ ನನ್ನ ಮಾತು ಕೇಳಿ, ವೈದ್ಯರ ಬಾಯಿಂದ ಕಾಯಿಲೆಯ ಹೆಸರು ಕೇಳಿದವನಂತೆ ತಲೆಯಾಡಿಸಿದ. ಇನ್ನೂ ಏನಾದರೂ ಹೇಳಬೇಕಿತ್ತು ಎನ್ನಿಸುತ್ತದೆ.

ಮರುದಿನ ಬೆಳಗ್ಗೆ ಗ್ರೀಟಳ ಗುಂಪಿನ ವ್ಯಾನಿನಲ್ಲಿ ಒಂದು ಜಾಗ ಖಾಲಿ ಇತ್ತು. ಅದರಲ್ಲಿ ಹೋದ. ಕೋಟನ್ನು ಮಡಿಸಿ ಅಜ್ಜಿಯ ಖಾಲಿ ಕೋಣೆಯಲ್ಲಿ ಇಟ್ಟಿದ್ದ. ಬಂಡೆಯ ಕಡೆಯ ಕೆಲಸ ಮುಗಿಸಿ ಬಂದ ಸಂಪೆ, ಕಾರೆಲಣ್ಣ ಎಲ್ಲಿ ಎಂದು ಕೇಳಿ, ಹೋದನೆಂದು ತಿಳಿದು, “ಊಟ ಮಾಡ್ಕೊಂಡು ಹೋಗೋದಲ್ವಾ” ಎಂದಷ್ಟೇ ಅಂದ. ಅವನ ಲೆಕ್ಕದಲ್ಲಿ ನಿನ್ನೆಯ ವಿಷಯ ನಿನ್ನೆಗೇ ಮುಗಿದಿತ್ತು. ಬಂದವರಿಗೆ ನೋವಾಗಿತ್ತು, ಕೂರಿಸಿದ್ದಾಯಿತು, ಕಾಫಿ ಕೊಟ್ಟದ್ದಾಯಿತು, ಅದರಾಚೆ ಇನ್ನೇನು?

ಮುಂದಿನ ವರ್ಷ ಕಾರೆಲ್ ಬರಲಿಲ್ಲ. ಡಮಾರಿಸ್ ಕೊಯ್ಲಿನ ನಂತರ ಅವನ ಚಾಪೆಯನ್ನು ಬಿಸಿಲಿಗೆ ಹಾಕಿದ್ದಳು, ಕೋಟಿನ ಭುಜಕ್ಕೆ ಹೊಲಿಗೆ ಹಾಕಿಟ್ಟಿದ್ದಳು. ಅದರ ಮುಂದಿನ ವರ್ಷವೂ ಚಾಪೆಯನ್ನು ಬಿಸಿಲಿಗೆ ಹಾಕಿದಳು. ಸಂಪೆ ಸಂತೆಗೆ ಹೋದಾಗ ಬಸ್ಸು ನಿಲ್ಲುವಲ್ಲಿ ಸುಮ್ಮನೆ ನಿಂತಿರುವುದನ್ನು ನಾನು ಕಂಡಿದ್ದೇನೆ. ಕೋಣಕ್ಕೆ ಗಿರಾಕಿ ಬರುವವರಿದ್ದಾರೆ ಎನ್ನುತ್ತಿದ್ದ. ಆ ಅವಧಿಯಲ್ಲೇ ನಮ್ಮ ಚರ್ಚಿನವರು ಜಾವಾ ದ್ವೀಪಕ್ಕೆ ಒಂದು ಪ್ರವಾಸ ಹೊರಡಿಸಿದರು. ಎಲ್ಲರಿಗೂ ಒಂದೇ ಬಣ್ಣದ ಟೊಪ್ಪಿ. ಹಳೆಯ ದೇವಾಲಯವೊಂದರ ಮುಂದೆ ನಮ್ಮ ಬಸ್ಸಿನ ಪಕ್ಕದಲ್ಲೇ ಇನ್ನೊಂದು ಬಸ್ಸು ಬಂದು ನಿಂತು, ಬೇರೆ ಬಣ್ಣದ ಟೊಪ್ಪಿಯವರು ಗದ್ದಲ ಮಾಡುತ್ತ ಇಳಿದಾಗ ನಮ್ಮ ಪಾದ್ರಿಗಳು ನನ್ನ ಕಡೆ ಬಾಗಿ, “ಇವರೆಲ್ಲ ಬರೀ ಸುತ್ತಾಡೋಕೆ ಬಂದೋರು ಮೇಷ್ಟ್ರೇ” ಎಂದರು. ಹೌದು ಹೌದು ಎಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು ಆ ಹೌದು! ಅಂದು ಇಡೀ ದಿನ ನನಗೆ ಕಾರೆಲನದೇ ನೆನಪು.

ಆಮೇಲೆ ಒಂದು ವರ್ಷ ವ್ಯಾನಿನಿಂದ ಹಳದಿ ಮಳೆಯಂಗಿ ಇಳಿಯಿತು. ಗ್ರೀಟ ಮತ್ತೊಂದು ಗುಂಪಿನ ಜೊತೆ ಬಂದಿದ್ದಳು. ಮಂಡಿನೋವು, ಬಸ್ಸಿನ ಸೀಟು ಸರಿಯಿಲ್ಲ, ಹೋಟೆಲಿನ ನೀರು ತಣ್ಣಗೆ ಎಂದೆಲ್ಲ ದೂರುತ್ತ, ಕಂಡದ್ದಕ್ಕೆಲ್ಲ ಕ್ಯಾಮೆರಾ ಹಿಡಿಯುತ್ತ, ತಾನು ಪ್ರವಾಸಿಯೇ ಎಂಬುದನ್ನು ಮುಚ್ಚಿಡುವ ಯಾವ ಗೋಜೂ ಇಲ್ಲದ ಹೆಂಗಸು. ಸಂಪೆಯ ಮನೆ ಕೇಳಿಕೊಂಡು ಬಂದು, ನನ್ನನ್ನು ಕರೆಸಿ, ನನ್ನ ಮೂಲಕ ಹೇಳಿದಳು: ಕಾರೆಲ್ ಕಳೆದ ಚಳಿಗಾಲದಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ.

ಅವನ ಊರು ಅವಳ ಊರಿಗೆ ಹತ್ತಿರವಂತೆ. ಇಲ್ಲಿಂದ ಹೋದ ಮೇಲೆ ಆಗಾಗ ಹೋಗಿ ನೋಡುತ್ತಿದ್ದಳಂತೆ. ಅವನು ಕೆಲಸ ಬಿಟ್ಟು ಮನೆಯಲ್ಲೇ ಇರುತ್ತಿದ್ದ. ಇಪ್ಪತ್ತು ವರ್ಷ ಪ್ರತಿ ಬೇಸಿಗೆಯೂ ಎಲ್ಲಿಗೆ ಹೋಗುತ್ತಿದ್ದನೆಂದು ಅಕ್ಕಪಕ್ಕದವರಿಗೆ ಗೊತ್ತೇ ಇರಲಿಲ್ಲ. ಕೇಳಿದವರಿಗೆ, ನಮ್ಮ ಮನೆಗೆ, ಎಂದಿದ್ದನಂತೆ, ಅವರು ಎಲ್ಲೋ ಹಳ್ಳಿಯಲ್ಲಿ ಅಕ್ಕನೋ ತಂಗಿಯೋ ಇರಬೇಕೆಂದುಕೊಂಡಿದ್ದರಂತೆ. ಮತ್ತೆ ಹೋಗಬಾರದೇಕೆ ಎಂದು ಇವಳು ಕೇಳಿದಾಗಲೆಲ್ಲ, ಹೋದರೆ ಅವರು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅದೇ ಕಷ್ಟ, ಎನ್ನುತ್ತಿದ್ದನಂತೆ. ಮಣ್ಣು ಮಾಡುವಾಗ ಇದ್ದದ್ದು ಇವಳು, ಮತ್ತೆ ಪುರಸಭೆಯ ಒಬ್ಬ ಮನುಷ್ಯ.

“ಯಾರೂ ಹಾಡ್ಲಿಲ್ವಾ?” ಎಂದು ಡಮಾರಿಸ್ ಕೇಳಿದಳು. ನಾನು ಕೇಳಿ ಹೇಳಿದೆ: ಇಲ್ಲ.

ಸಂಪೆ ಎದ್ದು ಹೊರಗೆ ಹೋದ. ಅವನು ಹಂದಿಯ ಗೂಡಿನ ಹತ್ತಿರ ಯಾರಿಗೋ ಒಂದು ಹಂದಿ ಹಿಡಿಯಲು ಹೇಳುತ್ತಿರುವುದು ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಪಾದ್ರಿಗಳು ಬಂದರು, ಲಯುಕ್ ಬಂದ, ಕಳ್ಳಿನ ಅಂಗಡಿಯವರೆಲ್ಲ ಕಪ್ಪು ಹೊದ್ದು ಬಂದರು. ದೇಹವಿಲ್ಲದ ಸಾವಿಗೆ ಏನು ಮಾಡಬೇಕೆಂಬ ಚರ್ಚೆ ಸ್ವಲ್ಪ ನಡೆಯಿತು. ಕಣಜದ ಜಗಲಿಯ ಮೇಲೆ ಆ ಕೋಟನ್ನು ಇಟ್ಟರು. ಇನ್ನೊಂದು ತೊಡಕು ಉಳಿಯಿತು. ಸತ್ತವನ ಕಡೆಯವರೆಂದು ಯಾರಾದರೂ ಕೂರಬೇಕು, ಬಂದವರು ಅವರ ಕೈ ಹಿಡಿಯಬೇಕು. ಸಂಪೆಯೇ ಕೂರಬಹುದಿತ್ತು. ಅವನು ಗ್ರೀಟಳನ್ನು ತೋರಿಸಿ, “ಕಾರೆಲಣ್ಣನ ಊರ ಕಡೆಯೋರು. ಅವ್ರೇ ಕೂತ್ಕೊಳ್ಳಿ” ಎಂದ. ಅವಳು ಗಾಬರಿಯಾಗಿ ನನ್ನನ್ನು, ನಾನೇನು ಮಾಡಬೇಕು, ಎಂದು ಕೇಳಿದಳು. ಕೂತಿದ್ದರೆ ಸಾಕು ಎಂದೆ. ಹೀಗೆ, ಅವನು ನಾಯಿಯಂತೆ ಅಟ್ಟಿದ್ದ ಪ್ರವಾಸಿ ಹೆಂಗಸು ಅವನ ರಕ್ತಸಂಬಂಧಿಯ ಜಾಗದಲ್ಲಿ ಕಾಲು ಮಡಿಸಲಾಗದೆ ನೀಡಿಕೊಂಡು ಕುಳಿತಳು. ಬುಂತುಪಾರೆಯವರು ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದು ತಮ್ಮ ಎದೆಗೆ ಮುಟ್ಟಿಸಿಕೊಂಡರು. ಗಂಡಸರು ಕೈಕೈ ಹಿಡಿದು ಸುತ್ತು ನಿಂತು ಹಾಡಿದರು. ಅವಳು ಅತ್ತಳು. ಸ್ವಲ್ಪ ಹೊತ್ತಿಗೆ ವ್ಯಾನಿನವನು ಹಾರ್ನ್ ಮಾಡಿದ. ಡಮಾರಿಸ್ ಬಾಳೆಯೆಲೆಯಲ್ಲಿ ಕಟ್ಟಿಕೊಟ್ಟ ಮಾಂಸದ ಪಾಲನ್ನು ಎದೆಗವಚಿಕೊಂಡು ಹೋದಳು. ಸತ್ತವನ ಕಡೆಯವರಿಗೆ ಸಲ್ಲುವ ಪಾಲು ಅದು.

ಕಾರೆಲನಂಥವರನ್ನು ನಾನು ಆಮೇಲೆಯೂ ಕಂಡಿದ್ದೇನೆ. ಪ್ರತಿ ವರ್ಷದ ವ್ಯಾನಿನಲ್ಲೂ ಒಬ್ಬರಾದರೂ ಇರುತ್ತಾರೆ. ಗುಂಪಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ತನ್ನ ಜೊತೆಯವರನ್ನು ನೋಡಿ ತುಟಿ ಕೊಂಕಿಸಿ, ನಾನು ಇವರ ಹಾಗಲ್ಲ ಎಂದು ನಮಗೆ ಕಣ್ಣಲ್ಲೇ ಹೇಳುವವರು. ಅವರನ್ನು ಗರ್ವಿಷ್ಠರೆನ್ನುವುದು ಸುಲಭ. ನನಗೆ ಅವರು ಗರ್ವಿಷ್ಠರಾಗಿ ಕಂಡಿಲ್ಲ. ತಮ್ಮ ಊರಿನಲ್ಲಿ ಯಾರೂ ಕಾಯದವರು ಅವರು. ಆದ್ದರಿಂದಲೇ ತೆರೆದ ಬಾಗಿಲು ಕಂಡಲ್ಲಿ ಅದನ್ನು ತಮ್ಮ ಮನೆಯ ಬಾಗಿಲೆಂದು ಭಾವಿಸುತ್ತಾರೆ. ತಮ್ಮ ಹಿಂದೆಯೇ ಇನ್ನೊಬ್ಬ ಅದೇ ಬಾಗಿಲಲ್ಲಿ ಬಂದರೆ ಸಹಿಸಲಾರರು, ಏಕೆಂದರೆ ಅವನ ಮುಖದಲ್ಲಿ ತಾವು ಬಂದ ದಿನ ಕಾಣುತ್ತದೆ. ಬಂದವರಿಗೆ ನಾವು ಕೂರಲು ಜಾಗ ಕೊಡಬಲ್ಲೆವು, ಅನ್ನ ಕೊಡಬಲ್ಲೆವು, ಹೆಸರು ಹಿಡಿದು ಕರೆಯಬಲ್ಲೆವು, ಸತ್ತರೆ ಹಾಡಬಲ್ಲೆವು. ಇಲ್ಲಿನ ಹುಟ್ಟನ್ನು ಮಾತ್ರ ಕೊಡಲಾರೆವು. ಕೊಡಬಲ್ಲದ್ದೆಲ್ಲವನ್ನೂ ಪಡೆದು, ಕೊಡಲಾಗದ ಆ ಒಂದಕ್ಕಾಗಿ ಹಸಿದೇ ಉಳಿಯುವ ಜನ ಅವರು; ಅವರ ಹಸಿವಿಗೆ ಯಾವ ಊರಿನ ಒಲೆಯೂ ಹೊಣೆಯಲ್ಲ, ಆದರೂ ಅವರು ಎದ್ದು ಹೋದ ಮೇಲೆ ಬಡಿಸಿದವರ ಕೈಗೆ ಬಹುಕಾಲ ಸಮಾಧಾನವಿರುವುದಿಲ್ಲ.